ಗಲ್ಲಾಪೆಟ್ಟಿಗೆಯ ಈಚೆ ಬದಿ

ಹಾಸನದಲ್ಲಿ ನಮ್ಮ ತಂದೆ ಮೂಲೆ ಅಂಗಡಿ ಇಟ್ಟಿದ್ದರೆಂದು ಹೋದ ಸಂಚಿಕೆಯಲ್ಲಿ ಮಾತಿಗೆ ಮಾತು ಬಂದು ಬರೆದಿದ್ದೆ. ಉಪ್ಪಿನಕಾಯಿ, ಹಪ್ಪಳದ ಪ್ರಶ್ನೆಗಳೆಲ್ಲ ಹಿಂದೆ ಬಿದ್ದು, ಈ ಸಲದ ಪತ್ರಗಳು ನೇರವಾಗಿ ಮಿಠಾಯಿ ಜಾಡಿಗೇ ಕೈ ಹಾಕಿವೆ.

ಅಂಗಡಿಯವರ ಮಗಳೆಂದ ಮೇಲೆ ಬಾಯಿ ತುಂಬ ಪೆಪ್ಪರಮಿಂಟ್. ನಿಮ್ಮಷ್ಟು ಅದೃಷ್ಟ ಯಾರಿಗಿದೆ?
– ಓದುಗರೊಬ್ಬರು, ಬೇಲೂರು

ನಮ್ಮ ಬೀದಿಯ ಮಕ್ಕಳೂ ಹೀಗೆಯೇ ಅಂದುಕೊಂಡಿದ್ದರು. ನಿಜವಾಗಿ ಆ ಬೀದಿಯಲ್ಲಿ ಎಲ್ಲರಿಗಿಂತ ಕಡಿಮೆ ಮಿಠಾಯಿ ತಿಂದವರು ನಾನು ಮತ್ತು ನನ್ನ ತಂಗಿ. ಹಾಸನಾಂಬ ದೇವಸ್ಥಾನದ ಕಡೆಗೆ ಹೋಗುವ ಒಂದು ಅಡ್ಡರಸ್ತೆಯ ಮೂಲೆಯಲ್ಲಿ ಅಂಗಡಿ, ಅದರ ಹಿಂದೆಯೇ ಮನೆ. ತಂದೆಯನ್ನು ನಾವು ಅಣ್ಣ ಎಂದು ಕರೆಯುತ್ತಿದ್ದೆವು. ಹಲಗೆಯ ಮೇಲೆ ಆರು ಗಾಜಿನ ಜಾಡಿಗಳು: ಕಮರ್‌ಕಟ್, ಕಡಲೆಮಿಠಾಯಿ, ಶುಂಠಿ ಪೆಪ್ಪರಮಿಂಟ್, ಕಿತ್ತಳೆ ತೊಳೆಯ ಆಕಾರದ ಹುಳಿ ಪೆಪ್ಪರಮಿಂಟ್, ಕೊಬ್ಬರಿ ಮಿಠಾಯಿ, ಬತ್ತಾಸು. ತಕ್ಕಡಿ ಮುಟ್ಟಬಹುದು, ಜಾಡಿ ಮುಟ್ಟುವಂತಿಲ್ಲ. ಅಣ್ಣನ ಕಾನೂನು ಅಷ್ಟೇ.

ಆದರೆ ನಮ್ಮ ಹೊಟ್ಟೆ ಉರಿಯುತ್ತಿದ್ದುದು ಜಾಡಿ ನೋಡಿ ಅಲ್ಲ, ಕೊಸರು ನೋಡಿ. ತೂಕ ಮುಗಿದ ಮೇಲೆ ಅಂಗಡಿಯವನು ಮೇಲಿಂದ ಹಾಕುವ ಚೂರಿಗೆ ಕೊಸರು ಎನ್ನುತ್ತಾರೆ ಎಂದು ನನ್ನ ಮೊಮ್ಮಗನಿಗೆ ಬಿಡಿಸಿ ಹೇಳಬೇಕಾಯಿತು. ಕಾಲು ಕಿಲೋ ತೊಗರಿಬೇಳೆಗೆ ಒಬ್ಬ ಹುಡುಗ ಬಂದನೆನ್ನಿ. ಅಣ್ಣ ಹಳೆಯ ಪೇಪರನ್ನು ಶಂಖದ ಹಾಗೆ ಸುತ್ತಿ, ಬೇಳೆ ಸುರಿದು, ಬಾಯಿ ಮಡಚುತ್ತಿದ್ದರು. ಮೇಲೆ ತೂಗಿದ್ದ ಉಂಡೆಯಿಂದ ದಾರ ಎಳೆದು ಪೊಟ್ಟಣಕ್ಕೆ ಎರಡು ಸುತ್ತು ಹಾಕಿ, ತೋರುಬೆರಳಿಗೆ ಸಿಕ್ಕಿಸಿ ಪಟ್ಟನೆ ಕಡಿಯುತ್ತಿದ್ದರು. ಆಮೇಲೆ ಹುಡುಗನ ಅಂಗೈಗೆ ನಾಲ್ಕು ಹುರಿಗಡಲೆ, ಉಗುರಿನಷ್ಟು ಬೆಲ್ಲ. ನಮಗೂ ಕೊಡಿ ಎಂದು ಕೈಯೊಡ್ಡಿದರೆ, “ಕೊಸರು ಗಿರಾಕಿಗೆ. ನೀನೇನು ಗಿರಾಕಿಯೇ?” ಎನ್ನುತ್ತಿದ್ದರು.

ಬೀದಿಯವರು ಅವರನ್ನು ಧರ್ಮಾತ್ಮ ಎನ್ನುತ್ತಿದ್ದರು. ಮಗು ಯಾವ ಅಂಗಡಿಗೆ ಓಡುತ್ತದೋ ಆ ಮನೆಯ ತಿಂಗಳ ಸಾಮಾನಿನ ಚೀಟಿಯೂ ಅಲ್ಲಿಗೇ ಬರುತ್ತದೆ ಎಂದು ಅಮ್ಮನ ಬಳಿ ಅವರು ಹೇಳುತ್ತಿದ್ದುದನ್ನು ನಾನು ಕೇಳಿಸಿಕೊಂಡಿದ್ದೇನೆ. ಇದು ತಪ್ಪೆಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ.

ಮನೆಯಲ್ಲಿ ಕಮರ್‌ಕಟ್ ಮಾಡಿದರೆ ಎರಡೇ ದಿನಕ್ಕೆ ಅಂಟಂಟಾಗುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಸಕಲೇಶಪುರ

ನಿಮ್ಮೂರಿನ ಮಳೆಯೇ ಅರ್ಧ ತಪ್ಪಿತಸ್ಥ. ಬೆಲ್ಲ ಗಾಳಿಯ ತೇವವನ್ನು ಹೀರುವ ಪದಾರ್ಥ. ಉಳಿದರ್ಧ ಪಾಕದ್ದು. ನಮಗೆ ಕಮರ್‌ಕಟ್ ಮಾಡಿಕೊಡುತ್ತಿದ್ದ ಹಿಂದಿನ ಬೀದಿಯ ಅಜ್ಜಿ ಹಸಿ ಕಾಯಿತುರಿ ಹಾಕುತ್ತಲೇ ಇರಲಿಲ್ಲ. ಅರಸೀಕೆರೆ ಕಡೆಯ ಒಣಕೊಬ್ಬರಿ ತುರಿದು, ಬಾಣಲೆಯಲ್ಲಿ ಬೆಚ್ಚಗೆ ಹುರಿದು ಇಟ್ಟುಕೊಳ್ಳುತ್ತಿದ್ದರು. ಒಂದು ಬಟ್ಟಲು ಬೆಲ್ಲಕ್ಕೆ ಕಾಲು ಬಟ್ಟಲು ನೀರು. ಕರಗಿಸಿ ಸೋಸಿ ಕುದಿಸಿ. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಉಂಡೆ ಮಾಡಿ ತಟ್ಟೆಗೆ ಎಸೆದರೆ ‘ಟಣ್’ ಎನ್ನಬೇಕು. ‘ತಪ್’ ಎಂದರೆ ಇನ್ನೂ ಕುದಿಸಿ. ಆಮೇಲೆ ಒಂದು ಬಟ್ಟಲು ಕೊಬ್ಬರಿ, ಏಲಕ್ಕಿ, ಒಂದು ಚಮಚ ತುಪ್ಪ. ಬಾಣಲೆ ಬಿಟ್ಟು ಬಂದ ಕೂಡಲೇ ಕೈಗೆ ತುಪ್ಪ ಸವರಿಕೊಂಡು ಬಿಸಿಯಲ್ಲೇ ಕಟ್ಟಿ. ಕೈ ಸುಡುತ್ತದೆ, ಬೇರೆ ದಾರಿಯಿಲ್ಲ. ಪೂರ್ತಿ ಆರಿದ ಮೇಲೆಯೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ.

ಅಜ್ಜಿಯ ಡಬ್ಬಿಯಲ್ಲಿ ಮೂರು, ಐದು, ಹತ್ತು ಪೈಸೆಯ ನಾಣ್ಯಗಳು ಸಿಕ್ಕಿವೆ. ಈಗ ನಡೆಯುತ್ತವೆಯೇ?
– ಓದುಗರೊಬ್ಬರು, ಅರಕಲಗೂಡು

ಇಲ್ಲ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ರಿಂದ ನಿಂತುಹೋಗಿದೆ. ಎಂಟಾಣೆ ಕಾನೂನಿನ ಪ್ರಕಾರ ಇನ್ನೂ ನಡೆಯುತ್ತದೆ, ಅಂಗಡಿಯಲ್ಲಿ ಕೊಟ್ಟು ಅಂಗಡಿಯವನ ಮುಖ ನೋಡಬೇಕು ಅಷ್ಟೇ. ಆರು ಮೂಲೆಯದು ಮೂರು ಪೈಸೆ, ಚೌಕದ್ದು ಐದು, ಅಂಚು ಅಲೆಯಲೆಯಾಗಿರುವುದು ಹತ್ತು. ಸಂಜೆ ಕರೆಂಟು ಹೋದರೂ ನಾನು ಬೆರಳಿನಲ್ಲೇ ಎಣಿಸುತ್ತಿದ್ದೆ. 1957ರಲ್ಲೇ ರೂಪಾಯಿಗೆ ನೂರು ಪೈಸೆಯ ಲೆಕ್ಕ ಬಂದಿದ್ದರೂ ನಮ್ಮ ಬೀದಿಯ ಮುದುಕಿಯರು ಎರಡಾಣೆ ಸಕ್ಕರೆ ಎಂದೇ ಕೇಳುತ್ತಿದ್ದರು. ಎರಡಾಣೆಗೆ ಹನ್ನೆರಡೂವರೆ ಪೈಸೆ. ಆ ಅರ್ಧ ಪೈಸೆಯನ್ನು ಅಣ್ಣ ಬಿಟ್ಟುಬಿಡುತ್ತಿದ್ದರು. ನಾಣ್ಯಗಳನ್ನು ಮಾರಲು ಹೋಗಬೇಡಿ, ಮೊಮ್ಮಕ್ಕಳ ಕೈಗೆ ಆಡಲು ಕೊಡಿ.

ಸತ್ಯ ಹೇಳಿ, ಒಮ್ಮೆಯಾದರೂ ಕದ್ದಿಲ್ಲವೇ?
– ಓದುಗರೊಬ್ಬರು, ಹೊಳೆನರಸೀಪುರ

ಕದ್ದಿದ್ದೇನೆ. ನನಗೆ ಹನ್ನೊಂದು ವರ್ಷ, ಆಷಾಢದ ಮಳೆ. ಅಣ್ಣ ಒಳಗೆ ಊಟಕ್ಕೆ ಕುಳಿತಿದ್ದರು, ತಂಗಿ ಬಾಗಿಲಲ್ಲಿ ಕಾವಲಿದ್ದಳು. ತುಕ್ಕು ಹಿಡಿದ ಮುಚ್ಚಳ ಸದ್ದು ಮಾಡದ ಹಾಗೆ ಉಸಿರು ಬಿಗಿಹಿಡಿದು ತಿರುಗಿಸಿ ಒಂದೇ ಒಂದು ಕಮರ್‌ಕಟ್‌ಗೆ ಕೈ ಹಾಕಿದೆ. ಮೇಲೆ ಹೇಳಿದೆನಲ್ಲ, ಮಳೆಗಾಲ. ಐದು ಒಂದೇ ಗಡ್ಡೆಯಾಗಿ ಎದ್ದು ಬಂದವು. ಬಿಡಿಸಲು ಆಗಲಿಲ್ಲ, ಹಿಂದಕ್ಕೆ ಇಡಲು ಧೈರ್ಯವಿಲ್ಲ. ಕಲ್ಲಿನ ಮೇಲೆ ಕುಟ್ಟಿ ಎರಡು ಮಾಡಿ ಇಬ್ಬರೂ ಬಾಯಿಗೆ ತುರುಕಿಕೊಂಡೆವು. ಅಣ್ಣ ಕೈ ಒರೆಸಿಕೊಳ್ಳುತ್ತ ಬಂದು, “ಯಾರಾದರೂ ಬಂದಿದ್ದರೇ?” ಎಂದರು. ದವಡೆ ಕಚ್ಚಿಕೊಂಡಿತ್ತು. ಇಬ್ಬರೂ ತಲೆಯಾಡಿಸಿದೆವು.

ಅವರು ಬೈಯಲಿಲ್ಲ. ಸಂಜೆ ಸಾಲದ ಪುಸ್ತಕದಲ್ಲಿ ಹೊಸ ಹಾಳೆ ತಿರುಗಿಸಿ, ಮೇಲೆ ನನ್ನ ಹೆಸರು ಬರೆದು, ‘ಕಮರ್‌ಕಟ್ ಐದು, 15 ಪೈಸೆ’ ಎಂದು ಏರಿಸಿದರು. ತಂಗಿಯ ಪಾಲೂ ನನ್ನ ತಲೆಗೇ ಬಂದಿತು. ಅವಳಿಗೆ ಈಗಲೂ ಜ್ಞಾಪಿಸುತ್ತೇನೆ.

ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆಯಿತು. ವರ್ಷಕ್ಕೊಮ್ಮೆ ತೆರೆದು ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುವ ಆ ದಿನಗಳೇ ನಮ್ಮ ಅಂಗಡಿಗೆ ಸುಗ್ಗಿ. ದರ್ಶನಕ್ಕೆ ಬಂದ ಸೋದರತ್ತೆ ನನ್ನ ಕೈಗೆ ನಾಲ್ಕಾಣೆ ಇಟ್ಟರು. ಒಳಬಾಗಿಲಿನಿಂದ ಹೋಗದೆ, ಬೀದಿಗೆ ಇಳಿದು ಗಿರಾಕಿಗಳ ಸಾಲಿನಲ್ಲಿ ನಿಂತು, ನನ್ನ ಸರದಿ ಬಂದಾಗ ನಾಣ್ಯವನ್ನು ಹಲಗೆಯ ಮೇಲಿಟ್ಟೆ. ಅಣ್ಣ ನನ್ನ ಮುಖ ನೋಡಲಿಲ್ಲ. ಪುಸ್ತಕ ತೆಗೆದು ಗೆರೆ ಹೊಡೆದರು. ಹತ್ತು ಪೈಸೆ ಚಿಲ್ಲರೆ ಹಿಂದಕ್ಕೆ ಕೊಟ್ಟರು. ನಾನು ಹೊರಡುವಷ್ಟರಲ್ಲಿ ಕೈ ಹಿಡಿದು ನಿಲ್ಲಿಸಿ, ಅಂಗೈ ಬಿಡಿಸಿ, ನಾಲ್ಕು ಹುರಿಗಡಲೆ, ಉಗುರಿನಷ್ಟು ಬೆಲ್ಲ ಇಟ್ಟರು.

“ಮುಂದೆ ಯಾರು?” ಎಂದರು.