ಓದುಗರ ಪ್ರಶ್ನೆ: ನೈಲ್ ಕಿನ್ನಿಕ್ ಸಮುದ್ರಕ್ಕೇ ಏಕೆ ಇಳಿದರು?

ಪ್ರಶ್ನೆ: ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ನೈಲ್ ಕಿನ್ನಿಕ್ 1939ರಲ್ಲಿ ಅಮೆರಿಕನ್ ಕಾಲೇಜು ಫುಟ್‌ಬಾಲ್‌ನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದವರು. ಎರಡನೆಯ ಮಹಾಯುದ್ಧದಲ್ಲಿ ಅವರ ವಿಮಾನವನ್ನು ಶತ್ರುಗಳು ಹೊಡೆದುರುಳಿಸಿದರೇ?

ಉತ್ತರ: ಇಲ್ಲ, ಅವರನ್ನು ಬಲಿ ತೆಗೆದುಕೊಂಡದ್ದು ಆಯಿಲ್ ಸೋರಿಕೆ. ನೌಕಾಪಡೆಯ ಮೀಸಲು ವಿಮಾನ ವಿಭಾಗಕ್ಕೆ ತಾವಾಗಿಯೇ ಸೇರಿದ್ದ ಕಿನ್ನಿಕ್‌ಗೆ ಕರೆ ಬಂದದ್ದು ಪರ್ಲ್ ಹಾರ್ಬರ್ ದಾಳಿಗೆ ಮೂರು ದಿನ ಮೊದಲು. 1943ರ ಜೂನ್ 2ರಂದು ವೆನಿಜುವೆಲಾ ಬಳಿಯ ಪರಿಯಾ ಕೊಲ್ಲಿಯಲ್ಲಿ, ಲೆಕ್ಸಿಂಗ್ಟನ್ ವಿಮಾನವಾಹಕ ಹಡಗಿನಿಂದ ಅಭ್ಯಾಸಕ್ಕೆ ಹಾರಿದ್ದ ಅವರ ವೈಲ್ಡ್‌ಕ್ಯಾಟ್ ವಿಮಾನದ ಆಯಿಲ್ ಸೋರತೊಡಗಿತು. ಆ ವಿಮಾನದ 14 ಸಿಲಿಂಡರ್ ಎಂಜಿನ್ನನ್ನು ಹೊರಗಿನಿಂದ ತಂಪಾಗಿಸುವುದು ಗಾಳಿ. ಒಳಗಿನ ಬೇರಿಂಗ್, ಪಿಸ್ಟನ್‌ಗಳ ಬಿಸಿಯನ್ನು ಹೊತ್ತೊಯ್ಯಬೇಕಾದದ್ದು ಆಯಿಲ್. ಅದು ಖಾಲಿಯಾಗುತ್ತ ಬಂದಂತೆ ಒತ್ತಡದ ಮುಳ್ಳು ಕೆಳಗಿಳಿಯುತ್ತದೆ, ಬೇರಿಂಗ್ ಒಣಗಿ ಕಾಯುತ್ತದೆ, ಎಂಜಿನ್ ಜಾಮ್ ಆಗುತ್ತದೆ. ಥ್ರಾಟಲ್ (ಎಂಜಿನ್ನಿನ ವೇಗ ಹೆಚ್ಚುಕಡಿಮೆ ಮಾಡುವ ಹಿಡಿ) ತಗ್ಗಿಸಿದರೆ ಸ್ವಲ್ಪ ಹೊತ್ತು ಸಿಗಬಹುದು, ಅಷ್ಟೇ.

ಪ್ರಶ್ನೆ: ಹಡಗಿಗೇ ಮರಳಬಹುದಿತ್ತಲ್ಲವೇ?

ಉತ್ತರ: ಹಡಗಿನ ಡೆಕ್ ಮೇಲೆ ಹಾರಲು ಸಜ್ಜಾದ ವಿಮಾನಗಳು ತುಂಬಿದ್ದವು. ಡೆಕ್ ತೆರವಾಗಿದ್ದರೂ, ಇಳಿಯುವಾಗ ಲೆಕ್ಕ ತಪ್ಪಿದರೆ ಮತ್ತೆ ಮೇಲೇರಲು ಎಂಜಿನ್ನಿನಲ್ಲಿ ಶಕ್ತಿ ಉಳಿದಿರಬೇಕು. ನಂಬಲಾಗದ ಎಂಜಿನ್ ಇಟ್ಟುಕೊಂಡು ಅಲ್ಲಿಗೆ ಬಂದರೆ ಡೆಕ್ಕಿನಲ್ಲಿರುವವರ ಜೀವಕ್ಕೂ ಅಪಾಯ. ನೀರಿಗಿಳಿಯುವುದೇ ನಿಯಮಬದ್ಧ ಕ್ರಮವಾಗಿತ್ತು. ಕಿನ್ನಿಕ್ ಅದನ್ನೇ ಪಾಲಿಸಿದರು.

ಹಾಗೆ ಇಳಿಯಲು ಎಂಜಿನ್ ಪೂರ್ತಿ ನಿಲ್ಲುವವರೆಗೆ ಕಾಯಬಾರದು. ಮೇಲಿನ ಗಾಜಿನ ಮುಚ್ಚಳವನ್ನು ಹಿಂದಕ್ಕೆ ಸರಿಸಿ ಲಾಕ್ ಮಾಡಬೇಕು, ಇಲ್ಲದಿದ್ದರೆ ಬಡಿತಕ್ಕೆ ಅದು ಮುಚ್ಚಿ ಸಿಕ್ಕಿಕೊಳ್ಳುತ್ತದೆ. ಬೆಲ್ಟ್ ಬಿಗಿದು, ವೇಗ ತಗ್ಗಿಸುವ ರೆಕ್ಕೆಯ ಹಿಂಬದಿಯ ಪಟ್ಟಿಗಳನ್ನು (ಫ್ಲ್ಯಾಪ್) ಇಳಿಸಿ, ಗಾಳಿಗೆ ಎದುರಾಗಿ ಬಾಲ ಮೊದಲು ನೀರು ತಾಗುವಂತೆ ಇಳಿಯಬೇಕು. ಚಕ್ರಗಳು ಒಳಗೇ ಇರಬೇಕು; ಹೊರಗಿದ್ದರೆ ನೀರು ಅವನ್ನು ಹಿಡಿದೆಳೆದು ವಿಮಾನ ಮಗುಚುತ್ತದೆ. ಮೂಗಿನಲ್ಲೇ ಭಾರದ ಎಂಜಿನ್ ಇರುವುದರಿಂದ ವಿಮಾನ ಬೇಗ ಮುಳುಗುತ್ತದೆ. ಹಡಗಿನಿಂದ ಸುಮಾರು ನಾಲ್ಕು ಮೈಲಿ ದೂರದ ಆ ಜಾಗಕ್ಕೆ ದೋಣಿ ಹೋಗುವಷ್ಟರಲ್ಲಿ ಅವರು ಇರಲಿಲ್ಲ. ದೇಹ ಸಿಗಲೇ ಇಲ್ಲ. ವಯಸ್ಸು ಇನ್ನೂ 24.

ಪ್ರಶ್ನೆ: ಆಟಗಾರರಾಗಿ ಅವರ ವಿಶೇಷವೇನು?

ಉತ್ತರ: ಆಗ ದಾಳಿಗೂ ರಕ್ಷಣೆಗೂ ಅದೇ ಹನ್ನೊಂದು ಜನ. 1939ರಲ್ಲಿ ಕಿನ್ನಿಕ್ ಹಲವು ಪಂದ್ಯಗಳ ಆಟದ ಹೊತ್ತು ಸೇರಿ ಸತತ 402 ನಿಮಿಷ ಮೈದಾನ ಬಿಟ್ಟು ಕದಲಲಿಲ್ಲ. ತಂಡದ 130 ಅಂಕಗಳಲ್ಲಿ 107ರಲ್ಲಿ ಅವರ ಪಾಲಿತ್ತು. ನಾಟ್ರ್ ಡೇಮ್ ವಿಶ್ವವಿದ್ಯಾಲಯದ ವಿರುದ್ಧದ 7–6 ಗೆಲುವಿನಲ್ಲಿ ಆರು ಅಂಕದ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಅವರದೇ, ಅದರ ನಂತರದ ಒದೆತದಿಂದ ಬಂದ ಏಳನೆಯ ಅಂಕವೂ ಅವರದೇ. ಅದು ಬಂದದ್ದು ಡ್ರಾಪ್ ಕಿಕ್‌ನಿಂದ: ಮೊಟ್ಟೆಯಾಕಾರದ ಚೆಂಡನ್ನು ತುದಿ ಕೆಳಗಾಗಿ ಬಿಟ್ಟು, ನೆಲ ತಾಗಿ ಪುಟಿಯುವ ಕ್ಷಣಕ್ಕೆ ಒದೆಯಬೇಕು. ಬಿಡುವಾಗ ಚೂರು ವಾಲಿದರೂ ಪುಟಿತ ಓರೆಯಾಗಿ, ಚೆಂಡು ಗೋಲ್ ಕಂಬಗಳ ನಡುವೆ ಹೋಗದೆ ಪಕ್ಕಕ್ಕೆ ಹೋಗುತ್ತದೆ.