ನಿಧಾನವಾದರೆ ಮಾತ್ರ ದುಃಖವೇ?

ಧಾರವಾಡದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: “ಬೀಥೊವನ್‌ನ ಏಳನೇ ಸಿಂಫನಿಯ ಎರಡನೇ ಭಾಗ ನಮ್ಮಪ್ಪನ ಎಲ್‌ಪಿಯಲ್ಲಿ ಹತ್ತು ನಿಮಿಷದ ಹತ್ತಿರ ಇದೆ. ವಾದ್ಯವೃಂದವನ್ನು ಓಟೊ ಕ್ಲೆಂಪರರ್ ನಡೆಸಿದ್ದು. ಮಗ ಫೋನಿನಲ್ಲಿ ಕೇಳಿಸಿದ ಹೊಸ ರೆಕಾರ್ಡಿಂಗ್ ಎಂಟು ನಿಮಿಷವೂ ಇಲ್ಲ. ಹೆಣ ಹೊತ್ತವರು ಓಡಿದ ಹಾಗಿದೆ. ಶ್ರುತಿಯೂ ಇಳಿದಿದೆ. ಹಾರ್ಮೋನಿಯಂ ಇಟ್ಟು ನೋಡಿದೆ. ಅಪ್ಪನ ರೆಕಾರ್ಡು ಬಿಳಿ ಆರಕ್ಕೆ, ಅಂದರೆ ಆರನೇ ಬಿಳಿ ಮಣೆಗೆ, ಸರಿಯಾಗಿ ಕೂರುತ್ತದೆ. ಇದು ಪಕ್ಕದ ಕಪ್ಪು ನಾಲ್ಕಕ್ಕೂ ಬಿಳಿ ಆರಕ್ಕೂ ನಡುವೆ ಎಲ್ಲೋ ಇದೆ. ಶೋಕದ ಸಂಗೀತವನ್ನು ಹೀಗೆ ಓಡಿಸಬಹುದೇ?”

ಮೊದಲು ಶ್ರುತಿಯ ಮಾತು. ಹಿರಿಯರೇ, ನಿಮ್ಮ ಕಿವಿಗೆ ಕೈ ಮುಗಿದೆ. ಹಾರ್ಮೋನಿಯಂ ತೆಗೆದು ಮಣೆ ಒತ್ತಿ ನೋಡುವ ಓದುಗರು ಒಬ್ಬರಿದ್ದರೂ ಪತ್ರಿಕೆ ನಡೆಸಿದ್ದು ಸಾರ್ಥಕ. ನಿಮ್ಮ ಮಗನ ಫೋನು ಕೆಟ್ಟಿಲ್ಲ. 1980, 90ರ ದಶಕಗಳಲ್ಲಿ ರೋಜರ್ ನಾರಿಂಗ್ಟನ್, ಜಾನ್ ಎಲಿಯಟ್ ಗಾರ್ಡಿನರ್ ಮೊದಲಾದ ವಾದ್ಯವೃಂದ ನಿರ್ದೇಶಕರು ಬೀಥೊವನ್ ಕಾಲದ ಮಾದರಿಯ ವಾದ್ಯಗಳಲ್ಲಿ ಈ ಸಿಂಫನಿಗಳನ್ನು ನುಡಿಸಿದರು. ಪಿಟೀಲಿಗೆ ಕರುಳಿನ ತಂತಿ, ಹಳೇ ನಮೂನೆಯ ಕೊಂಬು. ಇಂಥ ವಾದ್ಯವೃಂದಗಳು ಬಿಳಿ ಆರನ್ನು ಸಾಮಾನ್ಯವಾಗಿ 430 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 430 ಕಂಪನಕ್ಕೆ, ಕೂಡಿಸಿಕೊಳ್ಳುತ್ತವೆ. ಈಗಿನ ವಾಡಿಕೆ 440. ನೀವು ಹಿಡಿದದ್ದು ಆ ಹತ್ತರ ವ್ಯತ್ಯಾಸವನ್ನೇ.

ಇನ್ನೊಂದು ವಿಷಯವೂ ನಿಮ್ಮ ಹಾರ್ಮೋನಿಯಂನಿಂದಲೇ ತಿಳಿಯಿತು. ಟರ್ನ್‌ಟೇಬಲ್ ನಿಧಾನವಾಗಿ ತಿರುಗಿದರೆ ಕಾಲ, ಶ್ರುತಿ ಎರಡೂ ಒಟ್ಟಿಗೆ ಇಳಿಯುತ್ತವೆ. ನೂರಕ್ಕೆ ಆರರಷ್ಟು ನಿಧಾನವಾದರೆ ಸಾಕು, ಶ್ರುತಿ ಪಕ್ಕದ ಮಣೆಗೆ ಇಳಿದುಹೋಗುತ್ತದೆ. ಅಪ್ಪನ ರೆಕಾರ್ಡು ಬಿಳಿ ಆರಕ್ಕೇ ಕೂತಿದೆ ಅಂದಮೇಲೆ ಯಂತ್ರದ ತಪ್ಪಿಲ್ಲ. ಕ್ಲೆಂಪರರ್ ನಡೆಸಿದ್ದೇ ಅಷ್ಟು ನಿಧಾನ.

ನನಗೆ ಈ ಪಾಠ ಕಲಿಸಿದ್ದು ಹಾಸ್ಟೆಲಿನ ಟೇಪ್ ರೆಕಾರ್ಡರ್. ಅದರ ಬೆಲ್ಟ್ ಸಡಿಲವಾಗಿತ್ತು. ಇದೇ ಭಾಗವನ್ನು ಎರಡು ವರ್ಷ ರಾತ್ರಿ ದೀಪ ಆರಿಸಿ ಕೇಳಿದ್ದೇನೆ. ಎಂಥ ಆಳ ಅಂದುಕೊಂಡಿದ್ದೆ. ಒಂದು ದಿನ ಗೆಳೆಯ ಹೊಸ ಬೆಲ್ಟ್ ಹಾಕಿಸಿಕೊಂಡು ಬಂದ. ಅದೇ ಕ್ಯಾಸೆಟ್ ಎದ್ದು ನಡೆಯತೊಡಗಿತು. ನಾನು ಆಳ ಅಂದುಕೊಂಡಿದ್ದರಲ್ಲಿ ಅರ್ಧ ಸಡಿಲ ರಬ್ಬರಿನದಾಗಿತ್ತು. ಆಮೇಲೆ ನಾನು ನಿಧಾನವನ್ನು ಸುಮ್ನೆ ನಂಬಿದ್ದಿಲ್ಲ.

ಬೀಥೊವನ್ ಈ ಭಾಗದ ತಲೆಯ ಮೇಲೆ ಬರೆದದ್ದು ‘ಅಲೆಗ್ರೆಟ್ಟೊ’. ತುಸು ಚುರುಕು ಅಂತ ಅರ್ಥ. 1817ರಲ್ಲಿ ತನ್ನ ಎಂಟು ಸಿಂಫನಿಗಳಿಗೆ ಮೆಟ್ರೊನೋಮ್ (ತಾಳದ ಪೆಟ್ಟು ಹಾಕುವ ಯಂತ್ರ) ಅಂಕಿಗಳನ್ನೂ ಅಚ್ಚು ಹಾಕಿಸಿದ. ಇದಕ್ಕೆ ಕೊಟ್ಟದ್ದು ನಿಮಿಷಕ್ಕೆ 76 ಪೆಟ್ಟು. ಲೆಕ್ಕ ಹಾಕೋಣ. ಒಟ್ಟು 278 ಪಟ್ಟಿ (ನಮ್ಮ ಆವರ್ತದ ಹಾಗೆ), ಪಟ್ಟಿಗೆ ಎರಡು ಪೆಟ್ಟು, 556 ಪೆಟ್ಟು. ಏಳು ನಿಮಿಷ ಇಪ್ಪತ್ತು ಸೆಕೆಂಡಿಗೆ ಮುಗಿಯಬೇಕು. ನಿಮ್ಮ ಎಲ್‌ಪಿಯ ಹತ್ತು ನಿಮಿಷಕ್ಕೆ ಬಂದರೆ ಪೆಟ್ಟು 56ಕ್ಕೆ ಇಳಿಯುತ್ತದೆ. ಶವಯಾತ್ರೆಯ ಸಂಗೀತ ಬೇಕಾದಾಗ ಅವನಿಗೆ ಹಾಗೆಂದು ಬರೆಯಲು ಬರುತ್ತಿತ್ತು. ಮೂರನೇ ಸಿಂಫನಿಯ ಎರಡನೇ ಭಾಗಕ್ಕೆ ಶವಯಾತ್ರೆಯ ನಡಿಗೆ ಅಂತಲೇ ಹೆಸರಿಟ್ಟು, ‘ತೀರಾ ನಿಧಾನ’ ಎಂದು ಸೂಚಿಸಿದ್ದಾನೆ. ಇಲ್ಲಿ ಆ ಮಾತೇ ಇಲ್ಲ.

ಇದರ ಲಯವನ್ನು ಬಾಯಲ್ಲಿ ಹೇಳಿ ನೋಡಿ. ಗುರು, ಲಘು, ಲಘು, ಗುರು, ಗುರು. ನಾನನ ನಾನಾ. ಸಣ್ಣ ಪಿಟೀಲುಗಳು ಇನ್ನೂ ಸುಮ್ಮನಿರುವಾಗ ಕೆಳಗಿನ ತಂತಿವಾದ್ಯಗಳು ಇದನ್ನು ಮೆಲ್ಲಗೆ ಶುರು ಮಾಡುತ್ತವೆ. ಕೊನೆಯವರೆಗೂ ಇದು ಬಿಡುವುದೇ ಅಪರೂಪ. 76ರಲ್ಲಿ ಲಘುಗಳು ಲಘುವಾಗಿರುತ್ತವೆ. 56ಕ್ಕೆ ಇಳಿಸಿದರೆ ಅವೂ ಗುರುಗಳ ಹಾಗೆ ಕಾಲೆಳೆಯುತ್ತವೆ. ಪದ್ಯ ಓದಲು ಬಲ್ಲವರು ನೀವು, ಇದನ್ನು ಒಪ್ಪುತ್ತೀರಿ ಅಲ್ವಾ?

ಹೆಣ ಹೊತ್ತವರು ಓಡಿದ ಹಾಗೆ ಅಂದಿರಿ. ನಮ್ಮಜ್ಜನ ಚಟ್ಟಕ್ಕೆ ಹೆಗಲು ಕೊಟ್ಟಾಗ ನನಗೆ ಹತ್ತೊಂಬತ್ತು. ಮುಂದಿದ್ದ ದೊಡ್ಡಪ್ಪ ಹಿಂದೆ ತಿರುಗದೆ ಒಂದೇ ಮಾತು ಹೇಳಿದರು: “ನಿಲ್ಲಬ್ಯಾಡ, ನಿಂತರೆ ಭಾರ.” ಸಣ್ಣ ಸಣ್ಣ ಹೆಜ್ಜೆ, ಬೇಗ ಬೇಗ. ಹಲಗೆಯೂ ಬೇಗ ಬಡಿಯುತ್ತಿತ್ತು. ದುಃಖ ಏನೂ ಕಡಿಮೆ ಇರಲಿಲ್ಲ. ನಿಮಿಷಕ್ಕೆ 76 ಹೆಜ್ಜೆ ಓಟವೇ ಅಲ್ಲ, ನೀವು ಬೆಳಗ್ಗೆ ವಾಕಿಂಗ್ ಹೋಗುವುದು ಅದಕ್ಕಿಂತ ಜೋರಾಗಿಯೇ ಇರುತ್ತದೆ.

ಬೀಥೊವನ್‌ನ ಮೆಟ್ರೊನೋಮೇ ಕೆಟ್ಟಿತ್ತು ಎನ್ನುವವರಿದ್ದಾರೆ. ಇರಲಿ. ಕ್ಲೆಂಪರರ್ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಅವರ ಫಿಲ್ಹಾರ್ಮೋನಿಯಾ ವಾದ್ಯವೃಂದದ ಬೆನ್ನಿಗೆ ನಿಂತವರಲ್ಲಿ ನಮ್ಮ ಜಯಚಾಮರಾಜ ಒಡೆಯರ್ ಇದ್ದರು. ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಅವರೇ. ನಿಮ್ಮಪ್ಪನ ಎಲ್‌ಪಿ ಮೇಲೆ ನನಗೂ ಅಭಿಮಾನವಿದೆ.

ಆದರೆ 1813ರ ಡಿಸೆಂಬರ್ 8ರಂದು ವಿಯೆನ್ನಾದಲ್ಲಿ, ಯುದ್ಧದಲ್ಲಿ ಗಾಯಗೊಂಡ ಸೈನಿಕರ ಸಹಾಯಾರ್ಥ ಈ ಸಿಂಫನಿಯನ್ನು ಮೊದಲು ನುಡಿಸಿದಾಗ, ಜನ ಇನ್ನೊಮ್ಮೆ ಬೇಕು ಎಂದು ಕೇಳಿ ನುಡಿಸಿಕೊಂಡದ್ದು ಇದೇ ಭಾಗವನ್ನು. ಬರೀ ಅಳುವುದಕ್ಕೆ ಹಾಗೆ ಕೇಳಿದರು ಎಂದು ನನಗೆ ಅನಿಸುವುದಿಲ್ಲ. ನಡುವೆ ಕ್ಲಾರಿನೆಟ್ ಬರುವಲ್ಲಿ ಕೋಮಲ ಗಾಂಧಾರ ಹೋಗಿ ಶುದ್ಧ ಗಾಂಧಾರ ಬರುತ್ತದೆ. ಕಿಟಕಿ ತೆರೆದ ಹಾಗೆ. ಕೆಳಗೆ ಆ ನಾನನ ನಾನಾ ಮಾತ್ರ ನಿಂತಿರುವುದಿಲ್ಲ. ಎಳೆದು ನುಡಿಸಿದರೆ ಆ ಬೆಳಕೂ ಮಂಕಾಗುತ್ತದೆ.

ನಮ್ಮಲ್ಲೂ ಇದೇ ರೋಗ. ಭಾವಗೀತೆ ಅಂದರೆ ಎಳೆಯಬೇಕು, ವಚನ ಅಂದರೆ ಇನ್ನೂ ಜಾಸ್ತಿ ಎಳೆಯಬೇಕು. ಮಾತಿನ ಓಟದಲ್ಲಿ ಹುಟ್ಟಿದ ವಚನವನ್ನು ವೇದಿಕೆಯ ಮೇಲೆ ಒಂದೊಂದು ಅಕ್ಷರಕ್ಕೂ ಕಣ್ಣು ಮುಚ್ಚಿ ಹಾಡುತ್ತಾರೆ. ಅರ್ಥ ಎಲ್ಲೋ ದಾರಿಯಲ್ಲಿ ಬಿದ್ದು ಹೋಗಿರುತ್ತದೆ. ನಾಡಗೀತೆಯನ್ನು ಎರಡೂವರೆ ನಿಮಿಷದಲ್ಲಿ ಹಾಡಬೇಕು ಎಂದು 2022ರಲ್ಲಿ ಸರ್ಕಾರವೇ ಆದೇಶ ಹೊರಡಿಸಬೇಕಾಯಿತು. ಇನ್ನು ಸಂಗೀತದ ವಿಮರ್ಶೆಗಳು. ‘ಭಾವಪೂರ್ಣ’, ‘ಮನಮುಟ್ಟುವ’ ಅಂತ ಬರೆಯುತ್ತಾರೆ. ಯಾವ ಶ್ರುತಿ, ಯಾವ ಕಾಲ, ಒಂದು ಮಾತಿಲ್ಲ. ನಮ್ಮ ಪತ್ರಿಕೆಗೂ ಅಂಥವು ಬರುತ್ತವೆ. ನಾನು ವಾಪಸು ಕಳಿಸುತ್ತೇನೆ.

ಮಗನ ರೆಕಾರ್ಡಿಂಗನ್ನು ಇನ್ನೊಮ್ಮೆ ಹಾಕಿಸಿ. ಕೂತು ಬೇಡ, ಪಡಸಾಲೆಯಲ್ಲಿ ಅದರ ಪೆಟ್ಟಿಗೆ ಹೆಜ್ಜೆ ಹಾಕುತ್ತ ಕೇಳಿ. ಕಟ್ಟಕಡೆಯಲ್ಲಿ ಶುರುವಿನ ಕೂಡುಸ್ವರವೇ (ಹಲವು ಸ್ವರ ಒಟ್ಟಿಗೆ ನುಡಿಯುವುದು) ಮತ್ತೆ ಬರುತ್ತದೆ, ತಳದಲ್ಲಿ ಷಡ್ಜವಲ್ಲ, ಪಂಚಮ. ಅಲ್ಲಿ ನಿಮ್ಮ ಕಾಲು ನಿಂತಿತೋ ಇನ್ನೊಂದು ಹೆಜ್ಜೆ ಮುಂದೆ ಹೋಯಿತೋ, ನನಗೊಂದು ಕಾರ್ಡು ಬರೆಯಿರಿ.