‘ಎಂಡ್‌ಟೈಮ್ ಸಿಗ್ನಲ್ಸ್’ ಕೇಳಬೇಕಾ? ಕೇಳಿ, ಆರನೇ ಹಾಡಿನಿಂದ ಶುರು ಮಾಡಿ

ಸ್ವೀಡನ್ನಿನ ಮೆಟಲ್ ಬ್ಯಾಂಡ್ ಡಾರ್ಕ್ ಟ್ರಾಂಕ್ವಿಲಿಟಿಯನ್ನು ಕಟ್ಟಿದವರಲ್ಲಿ ಹಾಡುಗಾರ ಒಬ್ಬನೇ ಉಳಿದಿದ್ದಾನೆ, ಅವರ 2020ರ ಆಲ್ಬಂ ‘ಮೊಮೆಂಟ್’ ನಿಮಗೆ ಅಷ್ಟಾಗಿ ಹಿಡಿಸಲಿಲ್ಲ, ಹೀಗಿರುವಾಗ 2024ರ ಆಗಸ್ಟ್‌ನಲ್ಲಿ ಬಂದ ಆಲ್ಬಂ ‘ಎಂಡ್‌ಟೈಮ್ ಸಿಗ್ನಲ್ಸ್’ ಕೇಳಬೇಕಾ, ಬಿಡಬೇಕಾ ಅಂತ ಕೇಳಿದ್ದೀರಿ.

ಖಂಡಿತ ಕೇಳಿ. ಆದರೆ ಮೊದಲ ಹಾಡಿನಿಂದ ಶುರು ಮಾಡಬೇಡಿ. ಆರನೆಯದನ್ನು ಹಾಕಿ, ‘ಒನ್ ಆಫ್ ಅಸ್ ಈಸ್ ಗಾನ್’. ಉಳಿದ ಹಾಡುಗಳ ಬಾಗಿಲು ಅಲ್ಲಿಂದಲೇ ತೆರೆಯುತ್ತದೆ.

ಆ ಹಾಡು ಫ್ರೆಡ್ರಿಕ್ ಯೋಹಾನ್ಸನ್ ನೆನಪಿನದು. ಈ ಬ್ಯಾಂಡಿನ ಹಳೆಯ ಗಿಟಾರ್ ವಾದಕ, 1995ರ ‘ದಿ ಗ್ಯಾಲರಿ’ಯಲ್ಲಿ ನುಡಿಸಿದವರು. 2022ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಹಾಡಿನಲ್ಲಿ ಅವಸರ ಇಲ್ಲ. ಹಾಡುಗಾರ ಮಿಕಾಯೆಲ್ ಸ್ಟಾನ್ನೆ ಇಲ್ಲಿ ಗಂಟಲು ಸೀಳಿ ಕೂಗುವುದನ್ನು ಬಿಟ್ಟು ತನ್ನ ಸಹಜ ದನಿಯಲ್ಲಿ, ಕೆಳಗಿನ ಸ್ವರದಲ್ಲಿ ಹಾಡುತ್ತಾನೆ. ಗೆಳೆಯನನ್ನು ಕಳೆದುಕೊಂಡವನು ಅಷ್ಟು ತಗ್ಗಿದ ದನಿಯಲ್ಲಿ ಹೇಳಿಕೊಂಡರೆ ಎದೆಗೆ ಜಾಸ್ತಿ ತಾಗುತ್ತದೆ. ನನಗೆ ಇಡೀ ಆಲ್ಬಂನಲ್ಲಿ ಇದೇ ಮೇಲು.

ಧಾರವಾಡದ ಮಾಳಮಡ್ಡಿಯಲ್ಲಿ ನನ್ನ ಸೋದರಮಾವ ಇದ್ದಾರೆ. ಹಿಂದುಸ್ತಾನಿ ಕಲಿತವರು, ಈಗಲೂ ಬೆಳಿಗ್ಗೆ ತಂಬೂರಿ ಶ್ರುತಿ ಮಾಡಿಕೊಂಡು ಕೂರುತ್ತಾರೆ. ಅವರ ಮನೆಯಲ್ಲಿ ಒಂದು ಸಲ ಈ ಆಲ್ಬಂ ಹಾಕಿದ್ದೆ. ಎರಡನೇ ಹಾಡು ‘ಅನ್‌ಫರ್ಗಿವಬಲ್’ ಬಂತು. ಅದು ವೇಗದ ಹಾಡು, ಡ್ರಮ್ ಬಿಡುವಿಲ್ಲದೆ ಹೊಡೆಯುತ್ತದೆ. ಮಾಮಾ ಒಳಗಿನಿಂದ ಬಂದು, ‘ಯಾಕೋ ತಮ್ಮಾ, ಇಂವಾ ಹಿಂಗ್ಯಾಕ ಒದರಾಕತ್ತಾನ?’ ಅಂದರು. ನಾನು ಏನೂ ಹೇಳದೆ ಆರನೆಯದಕ್ಕೆ ಹೋದೆ. ನಿಂತೇ ಕೇಳಿದರು. ಮುಗಿದ ಮೇಲೆ, ‘ಮೊದಲು ಒದರಿದಂವನೂ ಇಂವನ?’ ಅಂತ ಕೇಳಿದರು. ‘ಹೌದು ಮಾಮಾ, ಇವನೇ’ ಅಂದೆ. ‘ಮಂದ್ರದಾಗ ದನಿ ಛಲೋ ನಿಂತೈತಿ ನೋಡು. ಗಂಗೂಬಾಯಿಯವರ ಹಾಡಕಿ ಕೇಳಿ ಬೆಳೆದೋರು ನಾವು, ಗಡಸು ದನಿ ನಮಗೇನ್ ಹೊಸದಲ್ಲ. ಅಂದ್ರ ಆ ಒದರೋದೂ ಸುಮ್ನ ಒದರೋದಲ್ಲ, ಹೌದಿಲ್ಲೋ?’

ಅವರು ಸರಿಯಾದ ಜಾಗದಲ್ಲೇ ಕೈ ಇಟ್ಟಿದ್ದರು. ಸ್ಟಾನ್ನೆಯ ಗ್ರೌಲ್, ಅಂದರೆ ಆ ಗಂಟಲು ಸೀಳುವ ಕೂಗು, ಒರಟಾಗಿದ್ದರೂ ಒಂದೊಂದು ಪದವೂ ಕಿವಿಗೆ ಬೀಳುತ್ತದೆ. ಎಷ್ಟೋ ಹಾಡುಗಾರರ ಗ್ರೌಲ್‌ನಲ್ಲಿ ಬರೀ ಗುಡುಗು, ಮಾತು ಕಾಣೆ. ಇವನು ಸಾಲನ್ನು ತಾಳಕ್ಕೆ ಕೂರಿಸುವ ರೀತಿಯನ್ನು ಸ್ವಲ್ಪ ಗಮನಿಸಿ. ನಾವು ಕೇಳಿ ಬೆಳೆದ ಹಾಡುಗಳಲ್ಲಿ ರಾಗ ದನಿಯಲ್ಲಿರುತ್ತದೆ, ವಾದ್ಯ ಅದರ ಹಿಂದೆ ಬರುತ್ತದೆ. ಇವರ ಶೈಲಿಯಾದ ಮೆಲೋಡಿಕ್ ಡೆತ್ ಮೆಟಲ್‌ನಲ್ಲಿ ಅದು ತಿರುವುಮುರುವು. ರಾಗ ಗಿಟಾರ್‌ನ ಪಾಲು, ಲಯ ಮತ್ತು ಸಿಟ್ಟು ದನಿಯ ಪಾಲು. ಸ್ವೀಡನ್ನಿನ ಗೋಥೆನ್‌ಬರ್ಗ್ ಊರಿನ ಹುಡುಗರು 90ರ ದಶಕದಲ್ಲಿ ಈ ಜಾಡು ಹಾಕಿಕೊಟ್ಟರು. ಡಾರ್ಕ್ ಟ್ರಾಂಕ್ವಿಲಿಟಿ, ಇನ್ ಫ್ಲೇಮ್ಸ್, ಅಟ್ ದ ಗೇಟ್ಸ್ ಬ್ಯಾಂಡಿನವರು. ಎಲ್ಲಾ ಒಬ್ಬರಿಗೊಬ್ಬರು ಗೊತ್ತಿದ್ದವರೇ. ಇನ್ ಫ್ಲೇಮ್ಸ್‌ನ ಮೊದಲ ಆಲ್ಬಂನಲ್ಲಿ ಹಾಡಿದ್ದು ಇದೇ ಸ್ಟಾನ್ನೆ. ಡಾರ್ಕ್ ಟ್ರಾಂಕ್ವಿಲಿಟಿಯ ಮೊದಲ ಆಲ್ಬಂನಲ್ಲಿ ಹಾಡಿದ ಆಂಡರ್ಸ್ ಫ್ರಿಡೆನ್ ಆಮೇಲೆ ಇನ್ ಫ್ಲೇಮ್ಸ್‌ಗೆ ಹೋದ. ಡಾರ್ಕ್ ಟ್ರಾಂಕ್ವಿಲಿಟಿಯ ಆ ಆಲ್ಬಂನಲ್ಲಿ ಸ್ಟಾನ್ನೆ ಗಿಟಾರ್ ಹಿಡಿದಿದ್ದ!

ಇನ್ನು ನಿಮ್ಮ ಅಸಲಿ ಅನುಮಾನ. ಜನ ಹೋದರು, ಬ್ಯಾಂಡ್ ಉಳಿಯಿತಾ? ಗಿಟಾರ್ ವಾದಕ ನಿಕ್ಲಾಸ್ ಸುಂಡಿನ್ 2020ರಲ್ಲಿ ಬಿಟ್ಟರು. ಮರುವರ್ಷ ಡ್ರಮ್ಮರ್ ಆಂಡರ್ಸ್ ಯಿವಾರ್ಪ್, ಬಾಸ್ ನುಡಿಸುತ್ತಿದ್ದ ಆಂಡರ್ಸ್ ಇವೆರ್ಸ್ ಇಬ್ಬರೂ ಹೋದರು. ‘ಮೊಮೆಂಟ್’ನಲ್ಲಿದ್ದ ಗಿಟಾರ್ ವಾದಕ ಕ್ರಿಸ್ಟೋಫರ್ ಅಮಾಟ್ ಕೂಡ ಈಗಿಲ್ಲ. ಕೇಳಿದರೆ ಹೆದರಿಕೆ ಆಗುವಂಥ ಪಟ್ಟಿ. ಆದರೆ ಈ ಬ್ಯಾಂಡಿನ ಗುರುತು ಎರಡು ಕಡೆ ಇದೆ ಅಂತ ನನ್ನ ಲೆಕ್ಕ: ಒಂದು ಸ್ಟಾನ್ನೆಯ ದನಿ, ಇನ್ನೊಂದು ಮಾರ್ಟಿನ್ ಬ್ರಾಂಡ್‌ಸ್ಟ್ರೋಮ್‌ನ ಕೀಬೋರ್ಡ್. ಎರಡೂ ಈ ಆಲ್ಬಂನಲ್ಲಿವೆ, ಗಟ್ಟಿಯಾಗಿಯೇ ಇವೆ. ‘ದ ಲಾಸ್ಟ್ ಇಮ್ಯಾಜಿನೇಷನ್’ ಕೇಳಿ ನೋಡಿ. ಗಿಟಾರ್ ಅಬ್ಬರಿಸುವಾಗ ಕೆಳಗೆ ಕೀಬೋರ್ಡ್ ಹಾಸಿಕೊಂಡಿರುತ್ತದೆ, ಅದನ್ನು ತೆಗೆದರೆ ಇದು ಯಾವ ಬ್ಯಾಂಡಿನ ಹಾಡೂ ಆಗಬಹುದಿತ್ತು.

ಹೊಸ ಡ್ರಮ್ಮರ್ ಯೋಕಿಮ್ ಸ್ಟ್ರಾಂಡ್‌ಬರ್ಗ್ ನಿಲ್ಸನ್ ಬಗ್ಗೆ ನನಗೆ ಖುಷಿ ಇದೆ. ಯಿವಾರ್ಪ್ ಹಾಡಿಗೆ ಜಾಗ ಬಿಟ್ಟು ನುಡಿಸುತ್ತಿದ್ದರು. ನಿಲ್ಸನ್ ಮುಂದೆ ಬಂದು ನುಡಿಸುತ್ತಾನೆ. ‘ಮೊಮೆಂಟ್’ ಸ್ವಲ್ಪ ನಿಧಾನ, ಸ್ವಲ್ಪ ಮಂಕು ಅಂತ ನಿಮಗೆ ಅನಿಸಿದ್ದರೆ ಆ ಕೊರತೆ ಇಲ್ಲಿ ನೀಗಿದೆ. ವೇಗದ ಹಾಡು ನಿಜಕ್ಕೂ ವೇಗ, ನಿಧಾನದ ಹಾಡು ನಿಜಕ್ಕೂ ನಿಧಾನ. ನಡುವೆ ತೂಗಾಡುವ ಹಾಡು ಕಡಿಮೆ.

ಕಡಿಮೆ ಅಂದೆ, ಇಲ್ಲವೇ ಇಲ್ಲ ಅನ್ನಲಿಲ್ಲ. 12 ಹಾಡು, ಸುಮಾರು 50 ನಿಮಿಷ. ‘ಎನ್‌ಫೋರ್ಸ್ಡ್ ಪರ್ಸ್ಪೆಕ್ಟಿವ್’, ‘ಅವರ್ ಡಿಸ್‌ಕನೆಕ್ಟ್’ ಬರುವ ಹೊತ್ತಿಗೆ ಒಂದರ ಚಹರೆ ಇನ್ನೊಂದಕ್ಕೆ ಹತ್ತಿರ ಆಗುತ್ತದೆ. ಇವೆರಡರಲ್ಲಿ ಒಂದನ್ನು ಕೈಬಿಟ್ಟಿದ್ದರೆ ಕೊನೆಯ ಹಾಡಿಗೆ ಇನ್ನೂ ಬಲ ಬರುತ್ತಿತ್ತು. ಇನ್ನೊಂದು ವಿಷಯಕ್ಕೆ ನನಗೆ ನಿಜವಾಗಿ ಬೇಸರ ಇದೆ. ಹಳೆಯ ಆಲ್ಬಂಗಳಲ್ಲಿ ಎರಡು ಗಿಟಾರ್ ಜಗಳ ಆಡುತ್ತಿದ್ದವು. ಒಂದು ಮೇಲೆ ಹೋದರೆ ಇನ್ನೊಂದು ಅದನ್ನು ಕೆಳಗೆ ಎಳೆಯುತ್ತಿತ್ತು. ಎರಡು ತಲೆ, ಎರಡು ಹಟ. ಇಲ್ಲಿ ಗಿಟಾರ್ ಎಂದರೆ ಯೋಹಾನ್ ರೈನ್‌ಹೋಲ್ಡ್ಸ್. ಕೈ ಬಹಳ ಸ್ವಚ್ಛ, ಸೋಲೋಗಳು ಚಂದ. ಆದರೆ ಒಬ್ಬನೇ ಯೋಚಿಸಿದ್ದು ಅಂತ ಗೊತ್ತಾಗುತ್ತದೆ. ‘ದಿ ಗ್ಯಾಲರಿ’ಯ ಆ ಜಟಾಪಟಿಗಾಗಿ ಕಾಯುತ್ತಿದ್ದರೆ ಅದು ಇಲ್ಲಿ ಸಿಗುವುದಿಲ್ಲ.

ಕೊನೆಯ ಹಾಡು ‘ಫಾಲ್ಸ್ ರಿಫ್ಲೆಕ್ಷನ್’. ಇಲ್ಲೂ ಸ್ಟಾನ್ನೆ ಸಹಜ ದನಿಗೆ ಬರುತ್ತಾನೆ. ಇದನ್ನು ಬೇಡ ಅನ್ನುವವರು ನನ್ನ ಗೆಳೆಯರಲ್ಲೇ ಇದ್ದಾರೆ. ಡೆತ್ ಮೆಟಲ್ ಆಲ್ಬಂ ಹೀಗೆ ಮೆತ್ತಗೆ ಮುಗಿಯಬಾರದು ಅನ್ನೋದು ಅವರ ವಾದ. ನಾನು ಒಪ್ಪುವುದಿಲ್ಲ. 1999ರ ‘ಪ್ರೊಜೆಕ್ಟರ್’ನಲ್ಲೇ ಸ್ಟಾನ್ನೆ ಹೀಗೆ ಹಾಡಿದಾಗ ಅಭಿಮಾನಿಗಳಿಗೆ ದಿಗಿಲಾಗಿತ್ತು. ಇಷ್ಟು ವರ್ಷದ ಮೇಲೆ ಅದು ಅವನ ಸ್ವಂತ ಆಸ್ತಿ, ಬಳಸಲಿ ಬಿಡಿ.

ದಯವಿಟ್ಟು ಫೋನ್ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ. ಬಾಸೂ ಕೀಬೋರ್ಡೂ ಎರಡೂ ಕಾಣೆಯಾಗಿ ಬರೀ ಕಿರುಚಾಟ ಉಳಿಯುತ್ತದೆ. ನಾನು ಹೆಡ್‌ಫೋನ್ ಹಾಕಿಕೊಂಡು ಚಿಗರಿ ಬಸ್ಸಿನಲ್ಲಿ ಕೇಳುತ್ತೇನೆ. ಬಸ್ಸು ಹುಬ್ಬಳ್ಳಿಯಲ್ಲಿ ಹತ್ತಿದಾಗ ಶುರು ಮಾಡಿದರೆ ಧಾರವಾಡದಲ್ಲಿ ಇಳಿಯುವಾಗ ಕೊನೆಯ ಹಾಡುಗಳು ನಡೆದಿರುತ್ತವೆ. ಸಂಜೆ ಬಸ್ಸು ತುಂಬಿದ್ದರೆ ಇನ್ನೂ ಒಳ್ಳೆಯದು, ನಿಂತುಕೊಂಡು ಬೇರೇನೂ ಮಾಡಲು ಆಗುವುದಿಲ್ಲ, ಹಾಡು ಪೂರ್ತಿ ನಿಮ್ಮದು.

ಆರನೆಯದು ಹಿಡಿಸಿದರೆ ಆಮೇಲೆ ಒಂದರಿಂದ ಹನ್ನೆರಡರವರೆಗೆ ಒಂದೇ ಸಲ ಕೇಳಿ. ಅದೂ ಹಿಡಿಸಿದರೆ ಮುಂದೆ 2016ರ ‘ಅಟೋಮಾ’ಗೆ ಹೋಗಿ, ‘ಮೊಮೆಂಟ್’ ಅನ್ನು ಕೊನೆಗೆ ಇಟ್ಟುಕೊಳ್ಳಿ. ಆಗ ಅದೂ ಬೇರೆ ಥರ ಕೇಳಿಸಬಹುದು. ಹೇಗನಿಸಿತು ಅಂತ ಇಲ್ಲೇ ಬರೆಯಿರಿ, ಮುಖ್ಯವಾಗಿ ಡ್ರಮ್ ಬಗ್ಗೆ.